ಎಂಟುನೂರ ನಲವತ್ತು ಪ್ಯಾನ್ಸಿಗಳನ್ನು ಮಾಲೆ ಕಟ್ಟಿ ಕಳುಹಿಸಿದ ವಿಚಾರವಾಗಿ

ಛತ್ರಪತಿ ಸಂಭಾಜಿನಗರದ ಒಂದಾನೊಂದು ಪಂಚತಾರಾ ಹೋಟೆಲಿನ ಖರೀದಿ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ಈ ಜನವರಿಯ ಚಳಿಯಲ್ಲಿ ತಾವು ಆರೋಗ್ಯದಿಂದಿರುವಿರೆಂದೂ, ತಮ್ಮ ಹೋಟೆಲಿನ ಶೀತಲ ಕೊಠಡಿಯು ನಿಯಮಾವಳಿಯ ಅಪ್ಪಣೆಯಂತೆ ನಾಲ್ಕು ಡಿಗ್ರಿಯಲ್ಲಿಯೇ ನೆಲೆಸಿರುವುದೆಂದೂ ಭಾವಿಸಿ, ನಾಶಿಕ ಜಿಲ್ಲೆಯ ಓಝರ್ ಸಮೀಪದ ಅರ್ಧ ಎಕರೆ ಪ್ಯಾನ್ಸಿ ಹೂದೋಟದ ಪರವಾಗಿ ತಮಗೆ ಗೌರವಪೂರ್ವಕ ವಂದನೆಗಳನ್ನು ಸಲ್ಲಿಸುತ್ತೇನೆ. ತೋಟ ನನ್ನದಲ್ಲ, ನನ್ನ ಮಗಳು ಮಾಲವಿಕಾಳದು. ವಿಜಯಪುರ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಕನ್ನಡ ಕಲಿಸಿ ನಿವೃತ್ತನಾಗಿ, ಈಗ ವಿಮಾನ ಕಾರ್ಖಾನೆಯ ತಂತ್ರಜ್ಞನಾದ ಅಳಿಯನ ಮನೆಯಲ್ಲಿ ವಾಸಿಸುತ್ತಿರುವ ನನಗೆ ಆ ತೋಟದಲ್ಲಿ ದೊರೆತಿರುವ ಹುದ್ದೆಯೆಂದರೆ ಹೂವಿನ ಡಬ್ಬಿಗಳಿಗೆ ಚೀಟಿ ಬರೆದು ಅಂಟಿಸುವುದು. ಇದು ಬಹಿರಂಗ ಪತ್ರವಾದ್ದರಿಂದ ತಮ್ಮ ಹೋಟೆಲಿನ ಹೆಸರನ್ನು ಸೌಜನ್ಯಕ್ಕಾಗಿ ಬರೆದಿಲ್ಲ. ಓದುಗರು ಊಹಿಸಿದರೆ ಅದು ಅವರ ಜಾಣತನ, ನನ್ನ ತಪ್ಪಲ್ಲ.

ಮೊದಲಿಗೆ, ಕಳೆದ ನವೆಂಬರಿನಲ್ಲಿ ತಾವು ಕರುಣಿಸಿದ ನಲವತ್ತೊಂದು ಅಂಶಗಳ ಗುಣಮಟ್ಟ ನಿಯಮಾವಳಿಯನ್ನು ಮನಸಾರೆ ಕೊಂಡಾಡಲು ಅನುಮತಿ ಬೇಡುತ್ತೇನೆ. ತಟ್ಟೆಯ ಅಲಂಕಾರಕ್ಕೆ ಬರುವ ಹೂವು ಅತಿಥಿಗಳ ಹೊಟ್ಟೆಗೂ ಹೋಗಬಹುದಾದ್ದರಿಂದ ಗಿಡಕ್ಕೆ ಯಾವ ಔಷಧಿಯನ್ನೂ ಸಿಂಪಡಿಸಬಾರದೆಂದು ಒಂಬತ್ತನೆಯ ಅಂಶ ಹೇಳುತ್ತದೆ. ಯಾವ ಹುಳುವೂ ಎಸಳನ್ನು ಮುಟ್ಟಿರಬಾರದೆಂದು ಹತ್ತನೆಯ ಅಂಶ ಹೇಳುತ್ತದೆ. ಇವೆರಡರ ನಡುವಿನ ಒಂದು ಗೆರೆಯಷ್ಟು ಜಾಗದಲ್ಲಿ ನನ್ನ ಮಗಳು ಮೂರು ತಿಂಗಳಿಂದ ಕೃಷಿ ಮಾಡುತ್ತಿದ್ದಾಳೆ. ನಮ್ಮ ತೋಟದ ಬಸವನಹುಳುಗಳು ಒಂಬತ್ತನೆಯ ಅಂಶವನ್ನು ಬಲು ಸಂತೋಷದಿಂದ ಓದಿಕೊಂಡಂತಿದೆ, ಹತ್ತನೆಯದಕ್ಕೆ ಇನ್ನೂ ಬಂದಿಲ್ಲ. ಅವುಗಳ ಓದು ನಿಧಾನವಾದ್ದರಿಂದ ಹತ್ತನೆಯ ಅಂಶವನ್ನು ಮಾತ್ರ ದಪ್ಪಕ್ಷರದಲ್ಲಿ ಮುದ್ರಿಸಿ, ತಮ್ಮ ಸಹಿ ಮತ್ತು ಮೊಹರಿನೊಂದಿಗೆ, ನೆಲಮಟ್ಟದಲ್ಲಿ ನೆಡಬಹುದಾದ ಫಲಕವೊಂದನ್ನು ಕಳುಹಿಸಿಕೊಡಬೇಕಾಗಿ ಪ್ರಾರ್ಥಿಸುತ್ತೇನೆ.

ಹದಿನೇಳನೆಯ ಅಂಶದಲ್ಲಿ ಎಲ್ಲ ಹೂವುಗಳ ‘ಮುಖ’ ಒಂದೇ ತೆರನಾಗಿರಬೇಕೆಂದು ವಿಧಿಸಿದ್ದೀರಿ. ಪ್ಯಾನ್ಸಿಯ ಮುಖವನ್ನು ತಾವು ಬಲ್ಲಿರಿ: ಹಳದಿ ಅಥವಾ ನೇರಳೆ ಕೆನ್ನೆಗಳ ನಡುವೆ ಕಡುಗಪ್ಪು ಮೀಸೆ. ವರ್ಷಕ್ಕೊಮ್ಮೆ ಶಾಲಾ ತಪಾಸಣೆಗೆಂದು ಬಂದು ಚಹಾ ಕುಡಿದು ಹೋಗುತ್ತಿದ್ದ ಸಾಹೇಬರೊಬ್ಬರನ್ನು ಅದು ನನಗೆ ನೆನಪಿಸುತ್ತದೆ. ಒಂದೇ ಗಿಡದ ಎರಡು ಹೂವುಗಳ ಮೀಸೆ ಒಂದೇ ಬಗೆಯಾಗಿರುವುದಿಲ್ಲ. ಈ ಸ್ವಾತಂತ್ರ್ಯವನ್ನು ಅವು ಯಾರ ಅಪ್ಪಣೆಯಿಂದ ಪಡೆದವೋ ನಾನರಿಯೆ. ಮುಂದಿನ ಹಂಗಾಮಿನಿಂದ ಬೀಜಗಳಿಗೇ ಸಮವಸ್ತ್ರ ತೊಡಿಸುವ ಉಪಾಯವೊಂದನ್ನು ತಾವೇ ತಿಳಿಸಬೇಕು.

ಇನ್ನು ರುಚಿಯ ಮಾತು. ಚೀಟಿಯ ಮೇಲೆ ‘ಖಾದ್ಯ ಪುಷ್ಪ’ ಎಂದು ಬರೆಯುವವನು ಬರೆದದ್ದಕ್ಕೆ ಹೊಣೆಗಾರನಾಗಿರಬೇಕೆಂಬ ತತ್ವದ ಮೇರೆಗೆ ನಾನು ಒಂದು ಹೂವನ್ನು ಪೂರ್ತಿಯಾಗಿ ಅಗಿದು ನುಂಗಿದೆ. ಎಳೆ ಬಟಾಣಿ ಸಿಪ್ಪೆಯ ರುಚಿ, ಕೊನೆಯಲ್ಲಿ ಪುದೀನದ ಸಣ್ಣದೊಂದು ಗುಮಾನಿ. ನಮ್ಮ ಹೂವಿನ ಡಬ್ಬಿಗಳನ್ನು ತಮ್ಮಲ್ಲಿಗೆ ತಲುಪಿಸುವ ಟೆಂಪೊ ಚಾಲಕ ಮಹಿಬೂಬನು ತಮ್ಮ ಅಡಿಗೆಮನೆಯ ಹಿಂಬಾಗಿಲಲ್ಲಿ ಎಂಜಲು ತಟ್ಟೆಗಳನ್ನು ಕಂಡು ಹೇಳಿದಂತೆ, ತಮ್ಮ ಅತಿಥಿಗಳು ಆ ಹೂವನ್ನು ಚಮಚದ ಬೆನ್ನಿನಿಂದ ತಟ್ಟೆಯ ಅಂಚಿಗೆ ಸರಿಸಿ, ಅದಕ್ಕೆ ಏನೂ ತಾಗದಂತೆ ಬಹಳ ಮರ್ಯಾದೆಯಿಂದ ಊಟ ಮುಗಿಸುತ್ತಾರಂತೆ. ಹಾಗಾಗಿ ನಮ್ಮ ಹೂವನ್ನು ಅದರ ಚೀಟಿಗೆ ಗೌರವ ಕೊಟ್ಟು ತಿಂದವರು ಈ ಭೂಮಿಯ ಮೇಲೆ ಇಬ್ಬರೇ: ನಾನು ಮತ್ತು ಬಸವನಹುಳು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಕಳೆದ ವಾರದ ಮದುವೆಯ ಔತಣಕ್ಕಾಗಿ ತಾವು ಮೊದಲ ಬಾರಿಗೆ ಎರಡು ಬಗೆಯ ಹೂವುಗಳನ್ನು ಬೇಡಿದ್ದಿರಿ: ಹೂದಾನಿಗಳಿಗೆಂದು ಗೇಣುದ್ದ ದಂಟಿನ ಸಹಿತ ಇನ್ನೂರ ನಲವತ್ತು, ತಟ್ಟೆಗಳಿಗೆಂದು ದಂಟಿಲ್ಲದ ಬಿಡಿ ಹೂವು ಆರುನೂರು. ಅಂದು ಬೆಳಿಗ್ಗೆ ಮಾಲವಿಕಾ ತನ್ನ ಮಗಳ ಶಾಲೆಯ ಪಾಲಕರ ಸಭೆಗೆ ಹೋಗಬೇಕಾಗಿ ಬಂದು, ತೋಟವನ್ನು ನನಗೂ ಗುಂಡವ್ವಳಿಗೂ ಒಪ್ಪಿಸಿ ಹೋದಳು. ಗುಂಡವ್ವ ನಮ್ಮ ತಾಳಿಕೋಟಿ ಕಡೆಯ ಹೆಣ್ಣುಮಗಳು. ನಾಶಿಕದ ಅಂಬಡ್‌ನ ಕಟ್ಟಡಗಳಲ್ಲಿ ಹನ್ನೊಂದು ವರ್ಷ ತಲೆಯ ಮೇಲೆ ಕಾಂಕ್ರೀಟಿನ ಬುಟ್ಟಿ ಹೊತ್ತು ಮೆಟ್ಟಿಲು ಹತ್ತಿ, ಮೊಣಕಾಲು ಸವೆಸಿಕೊಂಡು, ಈಗೊಂದು ವರ್ಷದಿಂದ ನಮ್ಮಲ್ಲಿ ಹೂ ಬಿಡಿಸುತ್ತಾಳೆ. ನೆರಳಲ್ಲಿ ಕುಳಿತು ಮಾಡುವ ಕೆಲಸ ಅವಳ ಆಯುಷ್ಯದಲ್ಲಿ ಇದೇ ಮೊದಲನೆಯದು.

ಗುಂಡವ್ವ ಎಂಟುನೂರ ನಲವತ್ತು ಹೂವುಗಳನ್ನೂ ಕತ್ತಿನ ಬಳಿಯೇ ಚಿವುಟಿದಳು. ದೇವರಿಗೋ ತುರುಬಿಗೋ ಹೂ ಬಿಡಿಸಿ ಬೆಳೆದ ಕೈ ಗಿಡದ ದಂಟನ್ನು ಗೇಣುದ್ದ ಕತ್ತರಿಸಲು ಒಪ್ಪುವುದಿಲ್ಲ, ಅದು ಟೊಂಗೆ ಮುರಿದಂತೆ. ಬಳಿಕ ಬಾಳೆ ನಾರನ್ನು ನೀರಲ್ಲಿ ನೆನೆಸಿಕೊಂಡು ಕಟ್ಟಲು ಕುಳಿತಳು. ಏಕೆಂದು ನಾನು ಕೇಳಲಿಲ್ಲ, ಅವಳೇ ಹೇಳಿದಳು: “ಮದವಿ ಮನಿಗೆ ಬಿಡಿ ಹೂವ ಕಳಸಬಾರದ್ರಿ ಮಾಸ್ತರ್ರ. ಬಿಡಿ ಹೂವ ಮಣ್ಣಿಗೆ ಹೋಗಾವ್ರ ಮ್ಯಾಲ ಹಾಕತಾರ. ಈ ತುದಿ ಒಂಚೂರು ಹಿಡೀರಿ.”

ಮಾನ್ಯರೇ, ನಿಯಮಾವಳಿಯ ಪ್ರತಿ ನನ್ನ ಮುಂದೆ ಗೋಡೆಯ ಮೇಲೆಯೇ ಇತ್ತು. ನಲವತ್ತೊಂದು ಅಂಶಗಳೂ ನನಗೆ ಕಂಠಪಾಠ. ಆದರೂ ಮದುವೆಯ ಮನೆಗೆ ಹೊರಟ ಹೂವು ಮಾಲೆಯಾಗುವುದು ನನ್ನ ಕಣ್ಣಿಗೆ ತಪ್ಪಾಗಿ ಕಾಣಲೇ ಇಲ್ಲ. ಎಷ್ಟು ಸರಿಯಾಗಿ ಕಂಡಿತೆಂದರೆ, ಚೀಟಿ ಬರೆಯುವುದನ್ನು ಬದಿಗಿಟ್ಟು ಎರಡು ಗಂಟೆಗಳ ಕಾಲ ನಾರಿನ ಆ ತುದಿಯನ್ನು ಹಿಡಿದು ಕುಳಿತೆ, ಒಂದೆರಡು ಕಡೆ ನೇರಳೆಯ ನಂತರ ಹಳದಿ ಬರಲಿ ಎಂದು ಸಲಹೆಯನ್ನೂ ಕೊಟ್ಟೆ.

ಮಾಲೆಯೊಂದಿಗೆ ಗುಂಡವ್ವಳೂ ಮಹಿಬೂಬನ ಟೆಂಪೊದಲ್ಲಿ ನಾಲ್ಕು ತಾಸು ಕುಳಿತು, ದಾರಿಯುದ್ದಕ್ಕೂ ನೀರು ಚಿಮುಕಿಸುತ್ತ ತಮ್ಮ ಗೇಟಿಗೆ ಬಂದಳು. ತಾವು ಡಬ್ಬಿಯ ಮುಚ್ಚಳ ತೆರೆದಿರಿ. ಒಳಗೆ ಮಲಗಿದ್ದ ಹಾವಿನಂತೆ ಸುರುಳಿ ಸುತ್ತಿದ್ದ ಎಂಟುನೂರ ನಲವತ್ತು ಮೀಸೆಗಳು ಒಟ್ಟಿಗೆ ತಮ್ಮತ್ತ ನೋಡಿದಾಗ ತಮಗಾದ ಆಘಾತವನ್ನು ನಾನು ಬಲ್ಲೆ. ಇದನ್ನು ಮಾಡಿದವರು ಯಾರೆಂದು ತಾವು ಹಿಂದಿಯಲ್ಲಿ ಗುಡುಗಿದಿರಂತೆ; ಹೊಗಳುತ್ತಿದ್ದೀರೆಂದು ತಿಳಿದ ಗುಂಡವ್ವ ಸೆರಗು ಸರಿಮಾಡಿಕೊಂಡು, “ನಾನs ಕಟ್ಟೀನ್ರಿ ಸಾಹೇಬ್ರ, ಒಬ್ಬಾಕಿನs” ಎಂದಳಂತೆ. ಈ ಉತ್ತರದಲ್ಲಿ ಒಂದು ಸುಳ್ಳಿದೆ ಎಂಬುದನ್ನು ತಾವು ದಯವಿಟ್ಟು ಗಮನಿಸಬೇಕು. ನಾರಿನ ಇನ್ನೊಂದು ತುದಿಯನ್ನು ಅವಳು ತಮ್ಮೆದುರು ಬಿಟ್ಟುಕೊಡಲಿಲ್ಲ.

ತಾವು ಕಾವಲುಗಾರನ ನೋಂದಣಿ ಪುಸ್ತಕದಲ್ಲಿ ಗುಂಡವ್ವಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಸಿ, ಇನ್ನು ಮುಂದೆ ಈಕೆಯನ್ನು ಗೇಟಿನೊಳಗೆ ಬಿಡಕೂಡದೆಂದು ಆಜ್ಞಾಪಿಸಿದಿರಿ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಮಾಲವಿಕಾಳಿಗೆ ತಮ್ಮ ಪತ್ರ ಬಂತು: ನಿರ್ದಿಷ್ಟ ಹೂವುಗಳ ಬದಲು ‘ಒಂಬತ್ತು ಮೀಟರ್ ಉದ್ದದ ಅನಪೇಕ್ಷಿತ ವಸ್ತು’ವನ್ನು ಪೂರೈಸಿದ ಕೆಲಸಗಾರಳನ್ನು ಕೂಡಲೇ ತೆಗೆದುಹಾಕದಿದ್ದರೆ ಮಾರ್ಚಿನವರೆಗಿನ ಒಪ್ಪಂದ ರದ್ದು. ತಿನ್ನುವ ಹೂವನ್ನು ಕೇಳುವವರು ಈ ಸೀಮೆಯಲ್ಲಿ ತಮ್ಮನ್ನು ಬಿಟ್ಟರೆ ಬೇರಾರೂ ಇಲ್ಲವೆಂಬುದು ತಮಗೂ ತಿಳಿದಿದೆ, ಮಾಲವಿಕಾಳಿಗೂ ತಿಳಿದಿದೆ, ದುರ್ದೈವದಿಂದ ಗುಂಡವ್ವಳಿಗೂ ತಿಳಿದಿದೆ. ಅವಳು ಮಾಲವಿಕಾಳಿಗೆ, “ನನ್ನ ಸಲುವಾಗಿ ನೀವು ಗಿರಾಕಿ ಕಳಕೋಬ್ಯಾಡ್ರಿ ಅಕ್ಕಾರ. ಅಂಬಡದಾಗ ಸ್ಲ್ಯಾಬಿನ ಕೆಲಸ ನಡದೈತಿ, ಹೋಗತೀನಿ” ಎಂದು ಹೇಳಿ, ತನ್ನ ಕತ್ತರಿಯನ್ನು ತೊಳೆದು ಒರೆಸಿಟ್ಟು ಹೋದಳು.

ನಾನು ಮೂರು ದಿನ ಸುಮ್ಮನಿದ್ದೆ. ಹಿಂದಿನ ಬೆಂಚಿನವನು ಮಾಡಿದ ತಪ್ಪಿಗೆ ಮುಂದಿನ ಬೆಂಚಿನವನು ಏಟು ತಿನ್ನಬಾರದೆಂದು ಮೂವತ್ತನಾಲ್ಕು ವರ್ಷ ಉಪದೇಶಿಸಿದ ನಾನು, ಮಗಳೆದುರು ಚೀಟಿ ಬರೆಯುತ್ತ ಮೂರು ದಿನ ಸುಮ್ಮನಿದ್ದೆ. ನಾಲ್ಕನೆಯ ದಿನ ನಾರಿನ ಇನ್ನೊಂದು ತುದಿಯ ಕತೆ ಹೇಳಿದಾಗ ಮಾಲವಿಕಾ ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು, “ಅಪ್ಪಾ, ಇದನ್ನ ಆವತ್ತs ಯಾಕ ಹೇಳಲಿಲ್ಲ?” ಎಂದು ಕೇಳಿದಳು. ಈ ಪ್ರಶ್ನೆಗೆ ಎಷ್ಟು ಪುಟಗಳಲ್ಲಿ ಉತ್ತರ ಬರೆದರೂ ಪೂರ್ಣ ಅಂಕ ಬರುವುದಿಲ್ಲವೆಂದು ಕಂಡಿತು. ತಮಗೆ ಈ ಪತ್ರವನ್ನು ಬರೆಯಲು ಕುಳಿತೆ.

ಬರೆಯಲು ಕುಳಿತ ಹೊತ್ತಿಗೆ ಸರಿಯಾಗಿ, ಅದೇ ಸಂಜೆ, ತಮ್ಮ ಎರಡನೆಯ ಪತ್ರ ಬಂತು. ಮದುವೆಯ ದಿನ ಅಡಿಗೆಮನೆಯ ಹಿಂಬಾಗಿಲಲ್ಲಿ ಬಿಸಾಡಿದ್ದ ನಮ್ಮ ‘ಅನಪೇಕ್ಷಿತ ವಸ್ತು’ವನ್ನು ವಧುವಿನ ಅಜ್ಜಿ ಕಂಡರಂತೆ, ಇಂಥ ಗಜರೆಯನ್ನು ಕಸಕ್ಕೆ ಹಾಕುವವರ ಮನೆಯಲ್ಲಿ ಊಟ ಮಾಡುವುದು ಹೇಗೆಂದು ಕೇಳಿದರಂತೆ, ಗಳಿಗೆಯೊಳಗೆ ವಧುವೂ ಮೂವತ್ತು ಜನ ಹೆಂಗಸರೂ ಅದನ್ನು ತುಂಡು ತುಂಡಾಗಿ ಹಂಚಿಕೊಂಡು ಮುಡಿದರಂತೆ. ತಟ್ಟೆಗಳಲ್ಲಿ ಹೂವಿನ ಬದಲು ಕೊತ್ತಂಬರಿ ಇತ್ತಂತೆ, ಹೂವೆಲ್ಲಿಯೆಂದು ಯಾರೂ ಕೇಳಲಿಲ್ಲವಂತೆ. ಈಗ ಫೆಬ್ರವರಿಯ ಇನ್ನೊಂದು ಮದುವೆಯವರು ಅದರ ಫೋಟೊಗಳನ್ನು ನೋಡಿ ಅದೇ ಮಾಲೆ ಬೇಕೆಂದು ಹಟ ಹಿಡಿದಿದ್ದಾರೆ. ತಾವು ಮಹಿಬೂಬನನ್ನು ಫೋನಿನಲ್ಲಿ ವಿಚಾರಿಸಿ, ಇಂಥದ್ದನ್ನು ಮೊಳದ ಲೆಕ್ಕದಲ್ಲಿ ಕೇಳಬೇಕೆಂದು ತಿಳಿದುಕೊಂಡು, ಅರವತ್ತು ಮೊಳ ಬೇಕೆಂದು ಬರೆದಿದ್ದೀರಿ. ಅಷ್ಟೇ ಅಲ್ಲ, ಬಿಸಿ ದೋಸೆಯ ಕಾವಲಿಯ ಪಕ್ಕದಲ್ಲಿ ಒಂದು ಮೇಜು ಹಾಕಿಸಿ, ಅತಿಥಿಗಳ ಕಣ್ಣೆದುರೇ ಕಟ್ಟಿಸಬೇಕೆಂದು ಅಪ್ಪಣೆಯಾಗಿದೆ. ಒಂದು ಮೊಳವೆಂದರೆ ಎಷ್ಟು ಸೆಂಟಿಮೀಟರೆಂದು ನಿಯಮಾವಳಿಗೆ ಸೇರಿಸುವ ಸಲುವಾಗಿ ವಿಚಾರಿಸಿದ್ದೀರಿ.

ತಮ್ಮ ಎರಡೂ ಪತ್ರಗಳು ಈಗ ನನ್ನ ಮೇಜಿನ ಮೇಲೆ ಅಕ್ಕಪಕ್ಕದಲ್ಲಿವೆ. ಎರಡರ ಕೆಳಗೂ ಒಂದೇ ಸಹಿ. ಒಬ್ಬಳನ್ನೇ ಗೇಟಿನಿಂದಾಚೆ ಅಟ್ಟುವ ಮತ್ತು ಅವಳನ್ನೇ ಸಭಾಂಗಣದ ನಡುವೆ ಕೂರಿಸುವ ಸಂಕಲ್ಪಗಳನ್ನು ಅಕ್ಷರ ನಡುಗದಂತೆ ಬರೆಯಬಲ್ಲ ಆ ಕೈಯ ದೃಢತೆಗೆ ನಾನು ತಲೆದೂಗುತ್ತೇನೆ.

ಬೇರೆಯವರಿಂದ ಕಟ್ಟಿಸಬಾರದೇಕೆಂದು ತಾವು ಕೇಳಬಹುದು. ಕಟ್ಟಿಸಿ ನೋಡಿದೆವು. ಪ್ಯಾನ್ಸಿಯ ಎಸಳು ನೆನೆದ ಕಾಗದದಂಥದ್ದು, ಕತ್ತು ಅದಕ್ಕಿಂತ ಮೆತ್ತಗೆ. ಮಾಲವಿಕಾ ಕಟ್ಟಿದ್ದು ಗೇಣುದ್ದವಾಗುವಷ್ಟರಲ್ಲಿ ಬಿಚ್ಚಿಕೊಂಡಿತು. ನಾನು ಕಟ್ಟಿದ ಗಂಟು ಬಿಗಿಯಾಗಿತ್ತು, ಆದರೆ ಹೂವುಗಳ ತಲೆಗಳು ಮಾತ್ರ ನೆಲದ ಮೇಲಿದ್ದವು. ಮೊಳದ ವಿಷಯಕ್ಕೆ ಬಂದರೆ, ಅದು ಕಟ್ಟುವವಳ ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಉದ್ದ. ತಾವು ಮೆಚ್ಚಿ ಬೇಡಿರುವ ಮೊಳವು ಗುಂಡವ್ವಳ ಬಲಗೈಯಲ್ಲಿದೆ. ಆ ಕೈಯನ್ನು ಅಂಚೆಯಲ್ಲಿ ಕಳುಹಿಸುವ ಅನುಕೂಲ ನಮ್ಮಲ್ಲಿಲ್ಲ; ಅವಳೊಂದಿಗೇ ಬರಬೇಕು, ಗೇಟಿನ ಮೂಲಕವೇ ಬರಬೇಕು.

ಆದಕಾರಣ ಮಾಲವಿಕಾ ಇಂದು ಬೆಳಿಗ್ಗೆ ಅಂಬಡ್‌ಗೆ ಹೋಗಿ, ಸ್ಲ್ಯಾಬಿನ ಕೆಳಗೆ ನಿಂತು, ಗುಂಡವ್ವಳನ್ನು ಕರೆತಂದಿದ್ದಾಳೆ. ಒಪ್ಪಂದ ಉಳಿದರೆ ಅವಳೊಂದಿಗೆ ಉಳಿಯಲಿ, ಹೋದರೆ ಹೋಗಲಿ ಎಂಬುದು ನನ್ನ ಮಗಳ ತೀರ್ಮಾನ. ನಾನು ತಿದ್ದಲಿಲ್ಲ. ತಾವು ನೋಂದಣಿ ಪುಸ್ತಕದಲ್ಲಿ ಗುಂಡವ್ವಳ ಹೆಸರಿನ ಮೇಲೆ ಅಳತೆಪಟ್ಟಿ ಇಟ್ಟು ನೇರವಾದ ಒಂದು ಗೆರೆ ಎಳೆದು, ಕೆಂಪು ಶಾಯಿ ವ್ಯರ್ಥವಾಗದಂತೆ ಅದರ ಪಕ್ಕದಲ್ಲಿಯೇ ನನ್ನ ಹೆಸರನ್ನು ಬರೆಸಬೇಕಾಗಿ ವಿನಂತಿ. ಗುರುತಿಗಾಗಿ: ಎಪ್ಪತ್ತೊಂದು ವರ್ಷ, ದಪ್ಪ ಕನ್ನಡಕ, ಮೀಸೆ ಇಲ್ಲ. ನನ್ನನ್ನು ಎಷ್ಟು ವರ್ಷ ಒಳಗೆ ಬಿಡದಿದ್ದರೂ ತಮ್ಮ ಅಲಂಕಾರಕ್ಕೆ ಕುಂದು ಬಾರದು. ಗುಂಡವ್ವಳಿಗೆ ಮಾತ್ರ, ಮೊಣಕಾಲು ಮಡಿಸದೆ ಕೂರಬಹುದಾದ ಬೆನ್ನಿರುವ ಕುರ್ಚಿಯೊಂದನ್ನೂ, ನಾರು ನೆನೆಸಲು ಒಂದು ಬೋಗುಣಿ ನೀರನ್ನೂ, ನಾರಿನ ಇನ್ನೊಂದು ತುದಿಯನ್ನು ಎರಡು ಗಂಟೆ ಅಲುಗಾಡದೆ ಹಿಡಿದು ಕೂರಲು ಜವಾಬ್ದಾರಿಯುಳ್ಳ ಒಬ್ಬ ಹಿರಿಯ ಅಧಿಕಾರಿಯನ್ನೂ ಒದಗಿಸಬೇಕು. ಆ ಸ್ಥಾನಕ್ಕೆ ತಮಗಿಂತ ಯೋಗ್ಯರು ನನಗೆ ಹೊಳೆಯುತ್ತಿಲ್ಲ.

ಒಳಗೆ ಬಿಟ್ಟರೂ ಬಿಡದಿದ್ದರೂ ತಮ್ಮ ವಿಶ್ವಾಸಿ,
ಕಾಶೀನಾಥ ಮಾಸ್ತರ
(ನಾರಿನ ಇನ್ನೊಂದು ತುದಿ)
ಓಝರ್, ನಾಶಿಕ ಜಿಲ್ಲೆ

ತಾ.ಕ.: ತಮಗೆ ಕನ್ನಡ ಬಾರದಿರುವ ಸಂಭವವಿರುವುದರಿಂದ, ಇದನ್ನು ಮರಾಠಿಗೆ ಅನುವಾದಿಸಿಕೊಡಲು ನನ್ನ ಮೊಮ್ಮಗಳು ಸಾಹಿತ್ಯಳಿಗೆ ಹೇಳಿದ್ದೆ. ಅವಳು ಕನ್ನಡ ಮಾತಾಡಲು ತಡವರಿಸಿದರೂ ಓದಿದರೆ ಚೆನ್ನಾಗಿ ಅರ್ಥಮಾಡಿಕೊಳ್ಳುತ್ತಾಳೆ. ನನ್ನ ಇಷ್ಟೂ ಪುಟಗಳನ್ನು ಗಮನವಿಟ್ಟು ಓದಿ, ಅವಳು ಬರೆದುಕೊಟ್ಟದ್ದು ಎರಡೇ ವಾಕ್ಯ: “ಗುಂಡವ್ವಾ ಮಾವಶಿ ಯೇತಾಯತ. ಗೇಟ ಉಘಡಾ.” ಗುಂಡವ್ವ ಚಿಕ್ಕಮ್ಮ ಬರುತ್ತಿದ್ದಾರೆ, ಗೇಟು ತೆಗೆಯಿರಿ. ಕೆಂಪು ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ, ತಿದ್ದುವಂಥದ್ದೇನೂ ಸಿಗಲಿಲ್ಲ. ಅದನ್ನೇ ಲಗತ್ತಿಸಿದ್ದೇನೆ.