ಮಕ್ರಮನ ಓರಣ

ಟ್ಯೂನಿಸಿನ ಆ ಕಚೇರಿಯಿಂದ ಸಂಜೆಯೊಳಗೆ ಒಬ್ಬರನ್ನು ಮನೆಗೆ ಕಳಿಸುತ್ತಾರೆ ಎಂಬ ಸುದ್ದಿ ಬೆಳಿಗ್ಗೆಯೇ ಹಬ್ಬಿತ್ತು. ರಮದಾನ್ ಬೇರೆ. ಹೆದರಿದವರಿಗೆ ಕುಡಿಯಲು ಕಾಫಿಯಿಲ್ಲ, ಸೇದಲು ಸಿಗರೇಟಿಲ್ಲ. ಉಗುರು ಕಚ್ಚಿದರೂ ಉಪವಾಸ ಮುರಿಯಿತೇನೋ ಎಂಬ ಅನುಮಾನ.

ಎಲ್ಲರಿಗಿಂತ ಹೆಚ್ಚು ಹೆದರಿದ್ದವನು ಮಕ್ರಮ್. ಮನೆಯಲ್ಲಿ ಹೆಂಡತಿ ತುಂಬು ಬಸುರಿ. ಔಷಧದಂಗಡಿಗಳಿಗೆ ಕಚೇರಿ ಮಾರುತ್ತಿದ್ದ ತಂತ್ರಾಂಶದ ತಳಪಾಯ ಅವನ ಕೈಯಲ್ಲಿತ್ತು. ವಿಂಡೋಸ್, ಮ್ಯಾಕ್, ಫೋನು ಮೂರಕ್ಕೂ ಬೇಕಾದ ಫೈಲುಗಳನ್ನು ಅವನು ವರ್ಷಗಳಿಂದ ಒಂದೇ ಫೋಲ್ಡರಿಗೆ ತುರುಕುತ್ತ ಬಂದಿದ್ದ. ಉಳಿದವರು ಅತ್ತ ತಲೆ ಹಾಕಿಯೂ ಮಲಗುತ್ತಿರಲಿಲ್ಲ.

"ಮಕ್ರಮಣ್ಣ, ಆ ಫೋಲ್ಡರ್ ಯಾರಾದ್ರೂ ನೋಡಿದ್ರೆ ನಿನ್ನೇ ಕಳಿಸ್ತಾರೆ," ಎಂದ ಪಕ್ಕದ ಮೇಜಿನ ಅನೀಸ್. "ಸಂತೆ ಮುಗಿದ ಮೈದಾನ ಇದ್ದಂಗಿದೆ."

ಮಾತು ನಾಟಿತು. ಮಕ್ರಮ್ ಮ್ಯಾನೇಜರ್ ಶಾದ್ಲಿಯವರ ಕೋಣೆಗೆ ಓಡಿದ.

"ಸಾಹೇಬ್ರೇ, ಇವತ್ತೇ ಆ ಫೈಲುಗಳನ್ನೆಲ್ಲ ಓರಣ ಮಾಡಿಬಿಡ್ತೀನಿ. ಮೂರಕ್ಕೂ ಬೇರೆಬೇರೆ ಫೋಲ್ಡರ್!"

ಶಾದ್ಲಿ ಅವನ ಮುಖವನ್ನೇ ನೋಡಿದರು. "ನಿಜವಾಗ್ಲೂ ಮಾಡ್ತೀಯೇನಪ್ಪಾ? ಹಾಗಾದ್ರೆ ಸೂರ್ಯ ಮುಳುಗೋದ್ರೊಳಗೆ ಮುಗಿಸು. ದೇವರು ನಿನ್ನ ಜೊತೆಗಿರ್ಲಿ."

ವಿಂಡೋಸಿನ ಫೈಲುಗಳನ್ನು ಎತ್ತಿಟ್ಟದ್ದೇ ತಡ, ಫೈಲುಗಳನ್ನು ಜೋಡಿಸಿ ತಂತ್ರಾಂಶ ಕಟ್ಟುವ ಬಿಲ್ಡು ಮುರಿದು ಬಿತ್ತು, ಪರದೆ ಕೆಂಪಾಯಿತು. ಪಾಪ, ಅದು ಹಳೆಯ ಜಾಗದಲ್ಲೇ ತಡಕುತ್ತಿತ್ತು. ಹೊಸ ದಾರಿ ತೋರಿಸಿ ಮಕ್ರಮ್ ಉಸಿರು ಬಿಡುವಷ್ಟರಲ್ಲಿ ಮ್ಯಾಕ್ ನೋಡಿಕೊಳ್ಳುವ ದೋರ್ರಾ ಕಿರುಚಿದಳು.

"ನನ್ನ ಪ್ರಿಂಟರ್ ಫೈಲ್ ಎಲ್ಲೋಯ್ತು?"

ಅದು ವಿಂಡೋಸಿನ ಪಾಲಿಗೆ ಹೋಗಿತ್ತು. ತಂದು ಮ್ಯಾಕಿಗೆ ಕೊಟ್ಟ. ವಿಂಡೋಸ್ ಮತ್ತೆ ಕೆಂಪಾಯಿತು.

"ಫೋನಿಗೂ ಅದೇ ಬೇಕು ಕಣಣ್ಣ!" ಎಂದು ಫೋನಿನ ಪಾಲು ನೋಡಿಕೊಳ್ಳುವ ಅನೀಸ್ ಎದ್ದು ನಿಂತ.

"ಅಣ್ಣತಮ್ಮಂದಿರು ಪಾಲಾದಾಗ ಅಮ್ಮನ್ನ ಯಾರು ಇಟ್ಕೊಳ್ಳೋದು ಅಂತ ಕಿತ್ತಾಡಿದಂಗಾಯ್ತು," ಎಂದು ದೋರ್ರಾ ತಲೆ ಚಚ್ಚಿಕೊಂಡಳು. "ಎಲ್ಲರಿಗೂ ಸೇರಿದ್ದಕ್ಕೆ ಇನ್ನೊಂದು ಫೋಲ್ಡರ್ ಮಾಡೋ ಪುಣ್ಯಾತ್ಮ!"

ಮಾಡಿದ. ಹೊಟ್ಟೆ ತಾಳ ಹಾಕುತ್ತಿತ್ತು, ತಲೆ ಸಿಡಿಯುತ್ತಿತ್ತು. ನಡುವೆ ಹೆಂಡತಿಯ ಫೋನು.

"ಉಪವಾಸ ಬಿಡೋಕೆ ಶೋರ್ಬಾ ಸೂಪು ಒಲೆ ಮೇಲಿದೆ. ಬರ್ತೀರೋ ಇಲ್ವೋ?"

"ಕೆಲಸ ಉಳಿಸ್ಕೊಂಡು ಬರ್ತೀನಿ ಕಣೇ," ಎಂದ.

ಬಿಸಿಲು ಇಳಿಯುವ ಹೊತ್ತಿಗೆ ಮೂರೂ ಬಿಲ್ಡುಗಳು ಹಸಿರಾದವು. ಶಾದ್ಲಿ ಹೊರಗೆ ಬಂದು ದೋರ್ರಾಳ ಹಿಂದೆ ನಿಂತರು. "ಔಷಧದ ಡಬ್ಬಿ ಮೇಲಿನ ಬಾರ್‌ಕೋಡ್ ಗೆರೆ ಓದೋ ಫೈಲ್ ತೆಗಿಯಮ್ಮ, ನೋಡೋಣ."

ಅವಳು ಕಣ್ಣು ಮಿಟುಕಿಸುವುದರೊಳಗೆ ತೆಗೆದಳು. "ಇನ್ಮೇಲೆ ಮಕ್ರಮಣ್ಣನ್ನ ಕೇಳೋದೇ ಬೇಡ ಸಾಹೇಬ್ರೇ!"

ಮಕ್ರಮ್ ಹಿಗ್ಗಿ ಹೀರೇಕಾಯಿಯಾದ. ಶಾದ್ಲಿ ಅವನ ಹೆಗಲ ಮೇಲೆ ಕೈಹಾಕಿ ಕೋಣೆಯೊಳಗೆ ಕರೆದೊಯ್ದು ಬಾಗಿಲು ಮುಚ್ಚಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಕೂತ್ಕೋಪ್ಪ. ಮೇಲಿನವರು ಮೊದಲಿಂದ್ಲೂ ನಿನ್ನ ಹೆಸರೇ ಹೇಳ್ತಿದ್ರು. ಅವನು ಹೋದ್ರೆ ಆ ಗೋಜಲಲ್ಲಿ ಯಾರಿಗೂ ಏನೂ ಸಿಗಲ್ಲ ಅಂತ ನಾನು ತಡೀತಾ ಬಂದೆ. ಹಾಗಾದ್ರೆ ನೀನೇ ಹೋಗು ಅಂತ ಬೆಳಿಗ್ಗೆ ನನಗೇ ಹೇಳಿದ್ರು." ಅವರು ಮೂಗು ಒರೆಸಿಕೊಂಡರು. "ಅಷ್ಟರಲ್ಲಿ ಓರಣ ಮಾಡ್ತೀನಿ ಅಂತ ನೀನಾಗೇ ಓಡಿ ಬಂದೆ. ಇನ್ನು ನಿನ್ನನ್ನ ಉಳಿಸ್ಕೊಳ್ಳೋಕೆ ನನ್ನ ಹತ್ರ ನೆಪಾನೂ ಇಲ್ಲ."

ಹೊರಗೆ ಮಸೀದಿಯ ಬಾಂಗು ಕೇಳಿಸಿತು. ಶಾದ್ಲಿ ಖರ್ಜೂರದ ತಟ್ಟೆಯನ್ನು ಅವನ ಮುಂದೆ ಸರಿಸಿದರು.

"ಪಾಪ, ದಿನವಿಡೀ ದುಡಿದಿದ್ದೀಯ. ಮೊದಲು ನೀನು ತಗೋ."