ಗೂಗಲ್ ದಾರಿಯ ನಾಲ್ಕು ನಿಮಿಷ

ತಪ್ಪಿನ ಗಾತ್ರಕ್ಕೂ ನಾಚಿಕೆಯ ಗಾತ್ರಕ್ಕೂ ಸಂಬಂಧವಿಲ್ಲ ಎಂಬುದು ನನ್ನ ಅನುಭವ. ದೊಡ್ಡ ದೊಡ್ಡ ತಪ್ಪುಗಳನ್ನು ಮಾಡಿಯೂ ನಾನು ಹಾಯಾಗಿ ಇದ್ದವನು. ಒಮ್ಮೆ ಹತ್ತನೇ ತರಗತಿಯ ಮಕ್ಕಳಿಗೆ ಉತ್ತರವೇ ಇಲ್ಲದ ಲೆಕ್ಕವೊಂದನ್ನು ಕೊಟ್ಟು, ಅದನ್ನು ಬಿಡಿಸಿದ ಇಬ್ಬರಿಗೆ ಪೂರ್ತಿ ಅಂಕ ಹಾಕಿ, ಆಮೇಲೆ ವಿಷಯ ಗೊತ್ತಾದಾಗ ಒಬ್ಬನೇ ನಕ್ಕು ಸುಮ್ಮನಾದೆ. ಅಕ್ಕನ ಮಗಳ ಮದುವೆಗೆ ಒಂದು ದಿನ ತಡವಾಗಿ ಹೋಗಿ, ಉಳಿದ ಬುಂದಿ ಉಂಡು ಬಂದೆ. ಅವು ಯಾವುವೂ ನನ್ನನ್ನು ಕಾಡುವುದಿಲ್ಲ. ಕಾಡುವುದು ನಾಲ್ಕೇ ನಾಲ್ಕು ನಿಮಿಷ. ಗಡ್ಡ ಹೆರೆದುಕೊಳ್ಳುವಾಗ, ಬೋರ್ಡಿನ ಮೇಲೆ ವೇಗ ಮತ್ತು ದೂರದ ಸೂತ್ರ ಬರೆಯುವಾಗ, ಹೆಂಡತಿ "ಇನ್ನೊಂದು ರೊಟ್ಟಿ ಹಾಕ್ಲೇನು?" ಎಂದು ಕೇಳುವಾಗ, ಆ ನಾಲ್ಕು ನಿಮಿಷ ನೆನಪಾಗಿ ಕಿವಿ ಬಿಸಿಯಾಗುತ್ತದೆ. ಬರೆದುಬಿಟ್ಟರೆ ಸ್ವಲ್ಪ ಆರೀತೇನೋ ಎಂದು ಬರೆಯುತ್ತಿದ್ದೇನೆ.

ನಾನು ರಾಯಚೂರಿನ ಒಂದು ಪ್ರೌಢಶಾಲೆಯಲ್ಲಿ ಗಣಿತದ ಮಾಸ್ತರ. ಮಹಿಬೂಬ ನನ್ನ ಬಾಲ್ಯದ ಗೆಳೆಯ, ಪಶು ಆಸ್ಪತ್ರೆಯಲ್ಲಿ ನೌಕರಿ. ಅವನ ಹತ್ತಿರ ಹಳೆಯ ಬಿಳಿ ಕಾರೊಂದಿದೆ. ಅದರ ಹಿಂದಿನ ಸೀಟಿನಲ್ಲಿ ಎಷ್ಟೋ ಆಡಿನ ಮರಿಗಳು ಪ್ರಯಾಣ ಮಾಡಿರುವುದರಿಂದ ಒಳಗೆ ಕೂತ ಕೂಡಲೇ ಅದು ಗೊತ್ತಾಗುತ್ತದೆ. ಊರಿನ ಕೆಲವು ಕಾರು ಹುಚ್ಚಿನವರು ಸೇರಿ ಮೂರು ದಿನದ ರ್ಯಾಲಿ ಇಟ್ಟಾಗ, ನಮ್ಮಂಥ ಹೊಸಬರಿಗೂ ಅವಕಾಶ ಉಂಟು ಎಂದು ತಿಳಿದು, ನಾನೇ ಅವನ ಬೆನ್ನು ಹತ್ತಿ ಹೆಸರು ಬರೆಸಿದೆ. ನನಗೆ ಕಾರು ಓಡಿಸಲು ಬರುವುದಿಲ್ಲ. ಆದರೆ ಇದು ಯಾರು ಮೊದಲು ಮುಟ್ಟುತ್ತಾರೆ ಎನ್ನುವ ಪಂದ್ಯವಲ್ಲ. ಇಂತಿಷ್ಟು ದೂರವನ್ನು ಇಂತಿಷ್ಟೇ ವೇಗದಲ್ಲಿ ಹೋಗಿ, ಹೇಳಿದ ನಿಮಿಷಕ್ಕೆ ಸರಿಯಾಗಿ ಠಾಣೆ, ಎಂದರೆ ಹೊತ್ತು ಬರೆದುಕೊಳ್ಳುವವರು ಕೂತ ಜಾಗ, ಸೇರಬೇಕು. ಒಂದು ನಿಮಿಷ ತಡವಾದರೆ ಒಂದು ದಂಡದ ಅಂಕ, ಒಂದು ನಿಮಿಷ ಮುಂಚೆ ಹೋದರೆ ಎರಡು. ಓಡಿಸುವವನ ಪಕ್ಕದಲ್ಲಿ ಲೆಕ್ಕ ಮಾಡುವವನೊಬ್ಬ ಕೂರಬೇಕು. ಲೆಕ್ಕ ಎಂದ ಕೂಡಲೇ ನನಗೆ ಇದು ನನಗಾಗಿಯೇ ಮಾಡಿದ ಆಟ ಎನ್ನಿಸಿತು. ಸ್ಟಾಫ್ ರೂಮಿನಲ್ಲಿ ಹೇಳಿದೆ. ಹೇಳಿದ್ದು ಸ್ವಲ್ಪ ಹೆಚ್ಚೇ ಆಯಿತು. ಮುಖ್ಯೋಪಾಧ್ಯಾಯರು ಪ್ರಾರ್ಥನೆಯ ಹೊತ್ತಿನಲ್ಲಿ ಆರು ನೂರು ಮಕ್ಕಳ ಮುಂದೆ ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಅಲ್ಲಿಗೆ ಗೆಲ್ಲದೆ ಬೇರೆ ದಾರಿ ಉಳಿಯಲಿಲ್ಲ.

ಮೊದಲ ದಿನ ರಾಯಚೂರಿನಿಂದ ಮಾನ್ವಿ, ಅಲ್ಲಿಂದ ಕುರ್ಡಿ ಹಾದು ಸಿರವಾರ. ನನ್ನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ ಲೆಕ್ಕದಲ್ಲಿ ನಾನು ಎಮ್ಮೆಗಳನ್ನು ಹಿಡಿದಿರಲಿಲ್ಲ. ಮಹಿಬೂಬನ ಕಾರು ಈ ಸೀಮೆಯ ದನ ಸಾಕಿದವರಿಗೆಲ್ಲ ಪರಿಚಿತ. ಕುರ್ಡಿಯ ಹತ್ತಿರ ಒಬ್ಬರು ರಸ್ತೆಗೆ ಅಡ್ಡ ನಿಂತು, "ಡಾಕ್ಟರ್ ಸಾಬ್, ಛಲೋ ಹೊತ್ತಿಗೆ ಬಂದ್ರಿ ನೋಡ್ರಿ, ಎಮ್ಮಿ ಮುಂಜಾನಿಂದ ಮೇವು ಮುಟ್ಟವಲ್ದು" ಎಂದರು. ತಾನು ಡಾಕ್ಟರಲ್ಲ ಎಂದು ಮಹಿಬೂಬ ಎಷ್ಟು ಸಲ ಹೇಳಿದರೂ ಯಾರೂ ನಂಬುವುದಿಲ್ಲ. ಇಳಿದು ಹೋದ. ನಾನು ಕಾರಿನಲ್ಲೇ ಕೂತು ಗಡಿಯಾರ ನೋಡುತ್ತಾ ಬೆವರಿದೆ. ಎಮ್ಮೆ ಮೇವಿಗೆ ಬಾಯಿ ಹಾಕಿತು, ನಮಗೆ ಚಹಾ ಬಂತು, ಮೂವತ್ತೆಂಟು ನಿಮಿಷ ಹೋಯಿತು. ಸಾಯಂಕಾಲ ಪಟ್ಟಿ ಹಚ್ಚಿದಾಗ ನಾವು ಕೊನೆಯಿಂದ ಎರಡನೆಯವರು. ನಮಗಿಂತ ಕೆಳಗಿದ್ದವರು ದಾರಿ ತಪ್ಪಿ ಲಿಂಗಸುಗೂರಿನ ಕಡೆಗೆ ಹೋಗಿಬಿಟ್ಟಿದ್ದರು.

"ಲೇ ಮಾಸ್ತರ, ಎಮ್ಮಿ ಮಾರಿ ನೋಡಿ ಹ್ಯಾಂಗ ಬಿಟ್ಟು ಬರ್ಲಿ? ಅದಕ್ಕೇನು ಗೊತ್ತು ನಿನ್ನ ರ್ಯಾಲಿ?" ಎಂದ ಮಹಿಬೂಬ.

"ನಾಳೆ ಯಾರು ಕೈ ಅಡ್ಡ ಮಾಡಿದ್ರೂ ನಿಂದರಂಗಿಲ್ಲ. ದೇವರು ಬಂದ್ರೂ ನಿಂದರಂಗಿಲ್ಲ. ಆಣಿ ಮಾಡು" ಎಂದೆ.

"ಎಮ್ಮಿಗೆ ನಿಂದರಂಗಿಲ್ಲ. ದೇವರು ಬಂದ್ರ ಆಗ ನೋಡೂಣು" ಎಂದು ಅರ್ಧ ಆಣೆ ಮಾಡಿದ.

ಎರಡನೆಯ ದಿನ ಸಿರವಾರದಿಂದ ದೇವದುರ್ಗ, ಅಲ್ಲಿಂದ ಕೃಷ್ಣಾ ನದಿಯ ದಂಡೆಯ ಗೂಗಲ್ ಎಂಬ ಹಳ್ಳಿ. ಅಲ್ಲಿ ಅಲ್ಲಮಪ್ರಭುವಿನ ಗುಡಿಯ ಸಮೀಪ ಮಧ್ಯಾಹ್ನದ ಠಾಣೆ ಮತ್ತು ಊಟ. ಮಹಿಬೂಬ ಮಾತಿಗೆ ತಪ್ಪಲಿಲ್ಲ. ಕೈ ಬೀಸಿದವರಿಗೆಲ್ಲ ಕೈ ಬೀಸಿ ಮುಂದೆ ಹೋದ. ಈ ಸಲ ತಪ್ಪಿದ್ದು ನಾನು. ದೇವದುರ್ಗ ದಾಟಿದ ಮೇಲೆ ಒಂದು ಕಡೆ ವೇಗವನ್ನು ಇಳಿಸಬೇಕು ಎಂದು ನಮಗೆ ಕೊಟ್ಟ ಹಾಳೆಯಲ್ಲಿ ಬರೆದಿತ್ತು. ನಾನು ಆ ಸಾಲನ್ನು ಬಿಟ್ಟು ಕೆಳಗಿನ ಸಾಲಿಗೆ ಹೋಗಿದ್ದೆ. ಮಕ್ಕಳು ಹೀಗೆ ಮಾಡಿದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತೇನೆ. ಗೂಗಲ್ ಇನ್ನೊಂದು ಕಿಲೋಮೀಟರ್ ಇದೆ ಎನ್ನುವಾಗ ತಿಳಿಯಿತು, ನಾವು ನಾಲ್ಕು ನಿಮಿಷ ಮುಂದೆ ಇದ್ದೇವೆ. ಎಂದರೆ ಎಂಟು ಅಂಕ ದಂಡ. ಗಾಡಿ ನಿಲ್ಲಿಸಿ ನಾಲ್ಕು ನಿಮಿಷ ಕಳೆಯೋಣವೆಂದರೆ, ಠಾಣೆಗೆ ಒಂದು ಕಿಲೋಮೀಟರ್ ಇರುವಲ್ಲಿ ಹಳದಿ ಹಲಗೆ ನೆಟ್ಟಿದ್ದರು. ಅದನ್ನು ದಾಟಿದ ಮೇಲೆ ಚಕ್ರ ನಿಲ್ಲುವಂತಿಲ್ಲ, ತಿರುಗುತ್ತಲೇ ಇರಬೇಕು. ನಾವು ಆಗಲೇ ಹಲಗೆ ದಾಟಿದ್ದೆವು.

"ಮೆಲ್ಲಕ, ಇನ್ನೂ ಮೆಲ್ಲಕ" ಎಂದೆ. ಕಾರು ನಡೆಯುವವರ ವೇಗಕ್ಕೆ ಬಂತು. ಆಗ ರಸ್ತೆಯ ಬದಿಯಲ್ಲಿ ಒಬ್ಬ ಹೆಣ್ಣುಮಗಳು ಕಂಡಳು. ಐವತ್ತೈದರ ಮೇಲೆ ವಯಸ್ಸು, ತಲೆಯ ಮೇಲೆ ಬಿಳಿ ಬಟ್ಟೆಯ ದೊಡ್ಡ ಗಂಟು. ನಮ್ಮ ಕಾರನ್ನೇ ನೋಡುತ್ತಾ ನಿಂತಳು. ನಾವು ಅವಳನ್ನು ದಾಟಿ ಹೋದೆವು. ಒಂದು ಕ್ಷಣ ಬಿಟ್ಟು ಕನ್ನಡಿಯಲ್ಲಿ ನೋಡಿದರೆ, ಅವಳು ಎರಡೂ ಕೈ ಮುಂದೆ ಚಾಚಿ ನಮ್ಮ ಹಿಂದೆ ಓಡಿ ಬರುತ್ತಿದ್ದಾಳೆ. "ನಿಂದರ್ರೀ ಯಪ್ಪಾ, ಬಂದೆ, ಬಂದೆ!"

"ಲಿಫ್ಟ್ ಕೇಳಾಕತ್ತಾಳ ಪಾಪ" ಎಂದ ಮಹಿಬೂಬ. ಅವನ ಕಾಲು ಬ್ರೇಕಿನ ಕಡೆಗೆ ಹೋಯಿತು.

"ನಿಂತ್ರ ದಂಡ! ಹೊಡಿ!" ಎಂದೆ. ಕಾರು ಮುಂದಕ್ಕೆ ಹಾರಿತು. ಅವಳು ಹಿಂದೆ ಉಳಿದಳು. ಆದರೆ ಹಾರಿದರೆ ಮತ್ತೆ ಬೇಗ ಮುಟ್ಟುತ್ತೇವಲ್ಲ. "ಮೆಲ್ಲಕ" ಎಂದೆ. ಮೆಲ್ಲಗಾದ ಕೂಡಲೇ ಅವಳು ಮತ್ತೆ ಓಡಿ ಬಂದಳು. ಹೀಗೆ ಅವಳು ಬರುವುದು, ನಾವು ಹಾರುವುದು, ನಾವು ತೆವಳುವುದು, ಅವಳು ಬರುವುದು ಮೂರು ಸಲ ನಡೆಯಿತು. ಮೂರನೆಯ ಸಲ ಡಿಕ್ಕಿಯ ಮೇಲೆ ಅವಳ ಕೈ ತಾಗಿದ ಸದ್ದು ಕೇಳಿಸಿತು. ನಾನು ಏನು ಮಾಡಿದೆ ಗೊತ್ತೆ? ಕಿಟಕಿಯ ಗಾಜು ಏರಿಸಿದೆ. ಏರಿಸಿ, "ಹೊಡಿ" ಎಂದೆ.

"ಬಿದ್ಲೇನೋ ಮಾಸ್ತರ?"

"ಇಲ್ಲ, ನಡಿ" ಎಂದೆ. ನಾನು ಕನ್ನಡಿ ನೋಡಿರಲಿಲ್ಲ.

ಹೇಳಿದ ನಿಮಿಷಕ್ಕೆ ಸರಿಯಾಗಿ ಠಾಣೆಯ ಗೆರೆ ಮುಟ್ಟಿದೆವು. ಅಲ್ಲಿ ಗಡಿಯಾರ ಹಿಡಿದು ಕೂತಿದ್ದ ನಿವೃತ್ತ ಇಂಜಿನಿಯರೊಬ್ಬರು ಚೀಟಿಯ ಮೇಲೆ ದಂಡ ಸೊನ್ನೆ ಎಂದು ಬರೆದು, "ಇವತ್ತು ಸೊನ್ನೆ ತಗೊಂಡವರು ನೀವೇ ಮೊದಲು ನೋಡ್ರಿ ಸರ್" ಎಂದು ಕೈ ಕುಲುಕಿದರು. ಮೂವತ್ತು ವರ್ಷ ಬೇರೆಯವರಿಗೆ ಸೊನ್ನೆ ಹಾಕಿದ ನಾನು ನನಗೆ ಬಂದ ಸೊನ್ನೆಯನ್ನು ಮಡಚಿ ಎದೆಯ ಜೇಬಿನಲ್ಲಿಟ್ಟುಕೊಂಡೆ. ಮುಖ್ಯೋಪಾಧ್ಯಾಯರಿಗೆ ಫೋನ್ ಕೂಡ ಮಾಡಿದೆ. ಸೋಮವಾರದ ಪ್ರಾರ್ಥನೆಯಲ್ಲಿ ಇದನ್ನೂ ಹೇಳುತ್ತೇನೆ ಎಂದರು ಅವರು.

ಊಟ ಬೇವಿನ ಮರದ ನೆರಳಿನಲ್ಲಿ. ಆ ಕಡೆಯ ಹೆಣ್ಣುಮಕ್ಕಳ ಸಂಘದವರು ಅಡುಗೆ ಮಾಡಿದ್ದರು. ಅನ್ನ, ಪುಂಡಿಪಲ್ಲೆ, ಶೇಂಗಾದ ಹಿಂಡಿ ಎಲ್ಲ ಇತ್ತು, ರೊಟ್ಟಿ ಮಾತ್ರ ಸಾಲದೆ ಬಂದಿತ್ತು. "ಇನ್ನೊಂದು ಗಂಟು ಬರಾಕತ್ತದರೀ, ಆಟೋದಾಗ ಜಾಗ ಸಾಲಲಿಲ್ಲ, ಹಂಪಮ್ಮ ಹಿಂದ ನಡಕೋತ ಬರಾಕತ್ತಾಳ" ಎಂದಳು ಬಡಿಸುವವಳು. ನನಗೆ ಆಗಲೂ ಏನೂ ಹೊಳೆಯಲಿಲ್ಲ. ಕೆಟ್ಟ ಗಾಡಿಗಳನ್ನು ಎಳೆದು ತರಲೆಂದು ಎಲ್ಲರ ಹಿಂದೆ ಒಂದು ಜೀಪು ಬರುತ್ತಿತ್ತು. ಅದು ಬಂದು ನಿಂತಾಗ ಅದರಿಂದ ಇಳಿದದ್ದು ಕೆಟ್ಟ ಗಾಡಿಯವರಲ್ಲ, ಬಿಳಿ ಬಟ್ಟೆಯ ಗಂಟು ಹಿಡಿದ ಅದೇ ಹೆಣ್ಣುಮಗಳು. ಗಂಟು ಕೆಳಗಿಟ್ಟವಳೇ ಕೇಳಿದಳು: "ಬಿಳಿ ಗಾಡಿ, ಹಿಂದ ಹದಿಮೂರು ನಂಬರ್ ಹಚ್ಚಿದ್ದು, ಅದರಾಗಿನವರು ಬಂದ್ರೇನ್ರಿ?"

ನಾನು ತಟ್ಟೆಯೊಳಗೆ ಮುಖ ಇಳಿಸಿದೆ. ಬೈಗುಳಕ್ಕೆ ತಯಾರಾದೆ. ಅವಳು ಬೈದಿದ್ದರೆ ಇವತ್ತು ನಾನು ಇದನ್ನು ಬರೆಯುತ್ತಿರಲಿಲ್ಲ. ಮಹಿಬೂಬ ಕೈ ಎತ್ತಿ, "ನಮ್ಮದೇ ಯವ್ವಾ" ಎಂದ.

"ಅಯ್ಯ, ಬಂದು ಮುಟ್ಟಿದ್ರ್ಯಾ! ಜೀವ ತಣ್ಣಗಾತು ನೋಡ್ರಿ" ಎಂದಳು ಹಂಪಮ್ಮ. "ಗಾಡಿ ತೆವಳಕೋತ ಹೊಂಟಿತ್ತು. ಪಾಪ, ಕೆಟ್ಟದ ಅಂತ ರೊಟ್ಟಿ ಗಂಟು ಅಲ್ಲೇ ಬೇಲಿ ಬಲ್ಲಿ ಇಟ್ಟು, ನೂಕಾಕ ಓಡಿ ಬಂದೆ. ಕೈ ಹಚ್ಚಬೇಕು ಅನ್ನೂದ್ರಾಗ ಚಾಲೂ ಆಗ್ತಿತ್ತು. ಮುಂದ ಹೋಗಿ ಮತ್ತ ಬಂದ್ ಬೀಳ್ತಿತ್ತು. ಮತ್ತ ಓಡ್ತಿದ್ದೆ. ಕಡೀಕ ಒಮ್ಮೆ ಕೈ ಹಚ್ಚಿದೆ, ಜೋರಿಲೆ ನೂಕಿದೆ, ಗಾಡಿ ಹೋಗೇಬಿಡ್ತು, ನಾ ಮಕಾಡೆ ಬಿದ್ದೆ!" ಎಂದು ನಕ್ಕು ಅಂಗೈ ತೋರಿಸಿದಳು. ಚರ್ಮ ತರಚಿತ್ತು. ಆಗಲೇ ಯಾರೋ ಅರಿಶಿಣ ಹಚ್ಚಿದ್ದರು.

ನೆಲ ಬಾಯಿ ಬಿಡಬಾರದೇ ಎನ್ನಿಸುವುದು ಎಂದರೇನು ಎಂದು ನನಗೆ ಆವತ್ತು ತಿಳಿಯಿತು. ಲಿಫ್ಟ್ ಬೇಕಾದವಳು ತಲೆಯ ಮೇಲಿನ ಗಂಟನ್ನು ಬೇಲಿಯ ಹತ್ತಿರ ಬಿಟ್ಟು ಯಾಕೆ ಓಡಿ ಬರುತ್ತಾಳೆ? ಕೈಗಳನ್ನು ಮೇಲೆ ಎತ್ತದೆ ಮುಂದೆ ಯಾಕೆ ಚಾಚುತ್ತಾಳೆ? ಇಷ್ಟು ಸಣ್ಣ ಲೆಕ್ಕ ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಬಿಡಿಸಲಿಕ್ಕೆ ಆಗಲಿಲ್ಲ. ಅದೂ ಹೋಗಲಿ, ಅವಳು ಲಿಫ್ಟೇ ಕೇಳಿದ್ದರೂ ಗಾಜು ಏರಿಸುವವನು ನಾನಾಗಬಾರದಿತ್ತು. ನಮ್ಮವ್ವ ಸಿರವಾರದ ಸುತ್ತಿನ ಗದ್ದೆಗಳಲ್ಲಿ ಕಳೆ ಕೀಳಲು ಹೋಗುತ್ತಿದ್ದವಳು. ಸಂಜೆ ಯಾರದೋ ಟ್ರ್ಯಾಕ್ಟರಿಗೆ ಕೈ ಮಾಡಿ ಬರುತ್ತಿದ್ದಳು. ಯಾರೂ ನಿಲ್ಲಿಸದ ದಿನ ನಡೆದು ಬಂದು, ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಾ, ನಿಲ್ಲಿಸದೆ ಹೋದವರನ್ನು ಊರು, ಮನೆತನ ಸಮೇತ ಬೈಯುತ್ತಿದ್ದಳು. ಆ ಬೈಗುಳಗಳೆಲ್ಲ ನನಗೆ ಇನ್ನೂ ಬಾಯಿಪಾಠ ಇವೆ.

ಸುತ್ತಲಿನವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಆಗಲಾದರೂ ನಿಜ ಹೇಳಬಹುದಿತ್ತು. "ಹೌದು ಯವ್ವಾ" ಎಂದೆ, "ಬ್ಯಾಟ್ರಿ ಸ್ವಲ್ಪ ವೀಕ್ ಅದ."

ಹಿಂದಿನ ತಿಂಗಳಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದ ಮಹಿಬೂಬ ಊಟ ನಿಲ್ಲಿಸಿ ನನ್ನನ್ನು ನೋಡಿದ. ಹಂಪಮ್ಮ ನನ್ನ ತಟ್ಟೆಗೆ ಎರಡು ರೊಟ್ಟಿ ಹಾಕಿ, "ಉಣ್ಣು ಯಪ್ಪಾ, ಟೆನ್ಷನ್ ಮಾಡಕೋಬ್ಯಾಡ. ಹೊಂಡುವಾಗ ನಾವಿದ್ದೀವಿ" ಎಂದಳು. ಆ ಕೊನೆಯ ಮಾತನ್ನು ನಾನು ಉಪಚಾರದ ಮಾತು ಎಂದುಕೊಂಡೆ.

ಊಟವಾದ ಮೇಲೆ ಕಾರುಗಳು ಎರಡೆರಡು ನಿಮಿಷಕ್ಕೊಂದರಂತೆ ಹೊರಟವು. ನಮ್ಮ ಸರದಿ ಬಂತು. ನೋಡಿದರೆ ಹಂಪಮ್ಮ ಸೆರಗು ಬಿಗಿದುಕೊಂಡು, ಇನ್ನಿಬ್ಬರನ್ನು ಕರೆದುಕೊಂಡು ಕಾರಿನ ಹಿಂದೆ ನಿಂತಿದ್ದಾಳೆ. "ಕೂಡ್ರಿ ಕೂಡ್ರಿ, ನಾವು ನೂಕ್ತೀವಿ!" ನಾನು ಮಹಿಬೂಬನ ಕಿವಿಯಲ್ಲಿ, "ಕೀಲಿ ತಿರುವು, ಚಾಲೂ ಮಾಡಿಬಿಡು" ಎಂದೆ. ಅವನು ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲೆ ಇಟ್ಟುಕೊಂಡು ಹೇಳಿದ: "ಬ್ಯಾಟ್ರಿ ವೀಕ್ ಅದ ಅಂತ ನೀನೇ ಹೇಳಿಯಲ್ಲಪ. ನೀನೇ ಹೇಳು ಈಗ, ಏನು ಮಾಡ್ಲಿ?"

ಇಂಜಿನಿಯರು ಗಡಿಯಾರ ಬಿಟ್ಟು ಕಿಟಕಿಯ ಹತ್ತಿರ ಬಂದರು. "ಸರ್, ಹೊರಗಿನವರು ಗಾಡಿ ನೂಕಿದ್ರ ಇವತ್ತಿಂದು ಎಲ್ಲಾ ರದ್ದು. ಸೊನ್ನಿ ತಗೊಂಡೀರಿ, ಸುಮ್ನ ಕಳಕೋಬ್ಯಾಡ್ರಿ. ಗಾಡಿ ಖರೇನೇ ಕೆಟ್ಟದೇನು?"

ಒಂದು ಮಾತು ಸಾಕಿತ್ತು. ಕೆಟ್ಟಿಲ್ಲ ಎಂದರೆ ಸೊನ್ನೆ ಉಳಿಯುತ್ತಿತ್ತು, ಸೋಮವಾರದ ಚಪ್ಪಾಳೆ ಉಳಿಯುತ್ತಿತ್ತು. ಆದರೆ ಕೆಡದ ಗಾಡಿ ಆಗ ಯಾಕೆ ತೆವಳಿತು, ಅವಳು ಕೈ ಹಚ್ಚಿದಾಗಲೇ ಯಾಕೆ ಹಾರಿತು ಎಂದು ಹಂಪಮ್ಮ ಕೇಳುತ್ತಿದ್ದಳು. ಕೇಳದಿದ್ದರೂ ಅವಳಿಗೆ ತಿಳಿಯುತ್ತಿತ್ತು. ಅವಳು ಅಲ್ಲೇ, ನನ್ನ ಬೆನ್ನ ಹಿಂದೆ, ಅರಿಶಿಣ ಹಚ್ಚಿದ ಅಂಗೈಯನ್ನು ಡಿಕ್ಕಿಯ ಮೇಲೆ ಊರಿ ನಿಂತಿದ್ದಳು. "ಕೆಟ್ಟದರೀ" ಎಂದೆ. ಮುಂದೆ ಮಹಿಬೂಬ ಇದನ್ನು ದೊಡ್ಡ ತ್ಯಾಗ ಎಂದು ಊರೆಲ್ಲ ಹೇಳಿಕೊಂಡು ಬಂದ. ಓದುವವರು ಹಾಗೆ ತಿಳಿಯಬಾರದು. ನಿಜ ಹೇಳುವ ಧೈರ್ಯ ನನಗೆ ಇರಲಿಲ್ಲ, ಅಷ್ಟೇ. ಇಂಜಿನಿಯರು ನನ್ನ ಎದೆಯ ಜೇಬಿನ ಚೀಟಿಯನ್ನು ಇಸಿದುಕೊಂಡು ಅಡ್ಡಗೆರೆ ಹೊಡೆದರು. ಮೂರನೆಯ ದಿನ ಮುಗಿದಾಗ ನಾವು ಕಟ್ಟಕಡೆಗೆ ಇದ್ದೆವು. ಲಿಂಗಸುಗೂರಿನ ಕಡೆ ಹೋಗಿದ್ದವರೂ ನಮ್ಮನ್ನು ದಾಟಿದ್ದರು.

ಮೂವರೂ ಸೇರಿ ನೂಕಿದರು. ಸಂಪೂರ್ಣ ಆರೋಗ್ಯವಾಗಿದ್ದ ಕಾರು ಮೂವರು ಹೆಂಗಸರ ಬಲದಿಂದ ಗೆರೆ ದಾಟಿತು. ಐವತ್ತು ಹೆಜ್ಜೆ ಆದ ಮೇಲೆ ಮಹಿಬೂಬ ಮನಸ್ಸು ಕರಗಿ ಇಂಜಿನ್ ಚಾಲೂ ಮಾಡಿದ. ಹಿಂದಿನಿಂದ ಹೋ ಎಂದು ಕೂಗು ಎದ್ದಿತು. ನಾನು ಇಳಿದು ಹೋಗಿ ಅವಳ ಕಾಲಿಗೆ ಬೀಳಬೇಕು ಎಂದುಕೊಂಡೆ. ಖಂಡಿತ ಎಂದುಕೊಂಡೆ. ಬಾಗಿಲ ಹಿಡಿಕೆಗೆ ಕೈ ಹಾಕಿದ್ದೆ ಕೂಡ. ಅಷ್ಟರಲ್ಲಿ ಹಂಪಮ್ಮನ ದನಿ ಕೇಳಿಸಿತು: "ನಿಂದರಬ್ಯಾಡ್ರಿ! ನಿಂದ್ರಿಸಿದ್ರ ಮತ್ತ ಬಂದ್ ಬೀಳ್ತದ! ಹಂಗೇ ಹೋಗ್ರಿ!"

ನಾವು ಹಾಗೆಯೇ ಹೋದೆವು. ನಿಲ್ಲಿಸದೆ ಹೋಗುವುದು ಅಷ್ಟೊತ್ತಿಗೆ ನನಗೆ ಚೆನ್ನಾಗಿ ರೂಢಿಯಾಗಿತ್ತು.