ಬೆಟರ್ ಹಾಫ್‌ನ ಕಿಟಕಿ

ಇಂಗ್ಲಿಷರು ದೇಶ ಬಿಟ್ಟು ಹೋದರೂ ಅವರು ಬಳಸಿ ಬಿಸಾಕಿದ ಕೆಲವು ಮಾತುಗಳು ನಮ್ಮ ಗಂಡಸರ ಬಾಯಲ್ಲಿ ಇನ್ನೂ ಠಿಕಾಣಿ ಹೂಡಿವೆ. ಅವುಗಳಲ್ಲಿ ನನ್ನ ಮೈ ಉರಿಸುವುದು ‘ಬೆಟರ್ ಹಾಫ್’. ಗಂಡಹೆಂಡಿರ ಎರಡು ಪಾಲಿನಲ್ಲಿ ಹೆಂಡತಿಯೇ ಉತ್ತಮ ಪಾಲು ಎಂದು ಅದರ ಅರ್ಥವಂತೆ. ಕಾರವಾರದ ಬ್ಯಾಂಕಿನಲ್ಲಿ ಗುಮಾಸ್ತರಾಗಿರುವ ನಮ್ಮನೆಯವರು ಅಲ್ಲಿಯ ಯಾವುದೋ ಕ್ಲಬ್ಬಿಗೆ ಸೇರಿ ಇದನ್ನು ಕಲಿತು ಬಂದರು. ಅಲ್ಲಿ ಟೈ ಕಟ್ಟಿದವರೆಲ್ಲ ಹೆಂಡತಿಯನ್ನು ಹೀಗೇ ಪರಿಚಯಿಸುತ್ತಾರೆ. ಆಮೇಲೆ ಉತ್ತಮ ಪಾಲುಗಳೆಲ್ಲ ಮೂಲೆಯಲ್ಲಿ ಕುಳಿತು ತಣ್ಣಗಾದ ಬಟಾಟೆವಡೆ ತಿನ್ನಬೇಕು, ಉಳಿದ ಪಾಲುಗಳು ಭಾಷಣ ಬಿಗಿಯಬೇಕು. ನನ್ನ ಅಪ್ಪನಿಗೆ ಇಂಗ್ಲಿಷಿನ ಗಂಧವಿರಲಿಲ್ಲ. ಅಮ್ಮನನ್ನು ‘ಏ, ಕೇಳ್ತ್ಯಾ?’ ಎಂದೇ ಕರೆಯುತ್ತಿದ್ದ. ಆದರೆ ಅವಳನ್ನು ಕೇಳದೆ ಗದ್ದೆಗೆ ಬೀಜ ಹಾಕಿದವನಲ್ಲ.

ಭಾವಿಕೇರಿಯಲ್ಲಿ ನಾವು ಮನೆ ಕಟ್ಟಿಸುವಾಗ ನನಗಿದ್ದದ್ದು ಒಂದೇ ಆಸೆ. ಅಡುಗೆಮನೆಯ ಕಿಟಕಿ ರಸ್ತೆಯ ಕಡೆಗಿರಬೇಕು. ಮೀನಿನವಳ ಕೂಗು ಕೇಳಿದರೆ ಒಲೆಯ ಹತ್ತಿರದಿಂದಲೇ ಚೌಕಾಸಿ ಮಾಡಬೇಕು, ನಾಲ್ಕು ಜನರ ಮುಖ ಕಾಣಬೇಕು. ಒಂದು ಸಂಜೆ ಚಿರೇಕಲ್ಲಿನ ರಾಶಿಯ ಪಕ್ಕ ನಾನು ಚಹಾ ಕೊಡುತ್ತಿದ್ದಾಗ ಗೌಂಡಿ ಮಂಕಾಳಿ ಇವರಿಗೆ ಹೇಳಿದ, “ಅಡುಗೆಮನಿ ಕಿಟಕಿ ಯಾವ ಬದಿಗೆ ಇಡೂದು, ಅಕ್ಕೋರಿಗೆ ಒಂದ್ ಮಾತು ಕೇಳೂದಲ್ರಾ?”

“ಅವ್ಳಿಗೆ ಕೇಳೂದೇನದೆ? ಹಿಂದಿನ ಬದಿಗೆ ಇಡು. ಹೊಗೆ ಹೋದ್ರೆ ಸಾಕು.”

ಶಾಲೆಯಲ್ಲಿ ಇಡೀ ತರಗತಿಯನ್ನು ಗದರಿಸುವ ಅಕ್ಕೋರು ನಾನು. ಮರುದಿನ ಇವರು ಕಾರವಾರದ ಬಸ್ಸು ಹತ್ತಿದ್ದೇ ತಡ, ಮಂಕಾಳಿಯ ಎದುರು ಹೋಗಿ ನಿಂತೆ.

“ಕಿಟಕಿ ರಸ್ತೆ ಬದಿಗೇ ಆಗ್ಬೇಕು.”

“ಅವ್ರು ಬೈದ್ರೆ?”

“ಬೈದ್ರೆ ನಂಗೆ ಬೈಲಿ. ನೀ ಕಲ್ಲು ಇಡು.”

ಇವರು ಮುಖ ಊದಿಸಿಕೊಂಡರು. ಬಂಗಡೆ ಸಾರು ಸುರಿದು ಉಂಡರೂ ಒಂದು ಒಳ್ಳೆಯ ಮಾತಾಡಲಿಲ್ಲ. ನಾನು ಜಗ್ಗಲಿಲ್ಲ. ಕಿಟಕಿ ಎದ್ದಿತು.

ಗೃಹಪ್ರವೇಶಕ್ಕೆ ಕ್ಲಬ್ಬಿನ ಪಟಾಲಮ್ಮೇ ಬಂತು. ನಾವು ಉಡುಗೊರೆ ಕೊಟ್ಟ ಹೊಸ ಪಂಚೆ ಹಿಡಿದು ಮಂಕಾಳಿಯೂ ಬಾಗಿಲಲ್ಲಿ ನಿಂತಿದ್ದ. ಕ್ಲಬ್ಬಿನ ಅಧ್ಯಕ್ಷರು ಅಡುಗೆಮನೆಗೆ ಇಣುಕಿ, “ವಾ! ಗಾಳಿ ಎಷ್ಟ್ ಚಲೋ ಬರ್ತದೆ! ಈ ಕಿಟಕಿ ಯಾರ ತಲೆ?” ಎಂದರು.

ಇವರು ಎದೆ ಸೆಟೆಸಿದರು. “ನಂದೇ ಪ್ಲಾನು. ಬೆಟರ್ ಹಾಫ್‌ಗೆ ಅಂತ್ಲೇ ಮಾಡಿಸಿದ್ದು.”

ಮಂಕಾಳಿ ನನ್ನ ಮುಖ ನೋಡಿದ.

“ಹೌದೇನ್ರೀ ಅಕ್ಕೋರೆ?” ಅಧ್ಯಕ್ಷರು ಕೇಳಿದರು.

ತಿಂಗಳುಗಟ್ಟಲೆ ಮಸೆದಿಟ್ಟ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಇಂಥ ಸುಳ್ಳುಬುರುಕರನ್ನು ನಾಲ್ಕು ಜನರೆದುರು ಬಯಲಿಗೆಳೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ ಎಂದು ಬಾಯಿ ತೆರೆದೆ.

“ಹೌದು, ಎಲ್ಲಾ ಇವ್ರದ್ದೇ” ಎಂದು ಚಹಾದ ತಟ್ಟೆ ಮುಂದೆ ಹಿಡಿದೆ. ಜೊತೆಗೆ ನಾಚಿಕೊಂಡೆ ಬೇರೆ!